ಹೊರಗಿನವರಿಗೆ ಪತ್ರ ಬರೆಯುವ ಮುನ್ನ, ಬರೆದ ಮೇಲೆ

ಪ್ರಶ್ನೆ: ಇಂಗ್ಲೆಂಡಿನ ಒಂದು ನರ್ಸರಿಯಲ್ಲಿ ಎರಡು ವರ್ಷದ ಮಕ್ಕಳ ಕೋಣೆಗೆ ಈಚೆಗೆ ಕೆಲಸಕ್ಕೆ ಸೇರಿದ್ದೇನೆ. ನನ್ನ ಹೊಣೆಯಲ್ಲಿರುವ ಎರಡೂವರೆ ವರ್ಷದ ಹುಡುಗನೊಬ್ಬ ಇನ್ನೂ ಮಾತಾಡುತ್ತಿಲ್ಲ. ಮನೆಯಲ್ಲಿ ಪೋಲಿಷ್ ಮಾತಾಡುತ್ತಾರೆ. ಇಂಗ್ಲಿಷ್ ಬಾರದ್ದರಿಂದ ಹೀಗೆ, ಕಾದು ನೋಡೋಣ ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ಹೊರಗಿನ ತಜ್ಞರಿಗೆ ತಿಳಿಸಬೇಕು ಎಂದು ಇನ್ನು ಕೆಲವರು. ಹೆಲ್ತ್ ವಿಸಿಟರ್, ಸ್ಪೀಚ್ ಥೆರಪಿಸ್ಟ್, ಸೋಷಿಯಲ್ ವರ್ಕರ್, ಕೌನ್ಸಿಲ್, ಇವರಲ್ಲಿ ಯಾರ ಕೆಲಸ ಯಾವುದು? ತಂದೆತಾಯಿಗೆ ಹೇಳದೆ ಇವರಿಗೆ ಮಾಹಿತಿ ಕೊಡಬಹುದೇ? ಒಮ್ಮೆ ಕಳಿಸಿಕೊಟ್ಟ ಮೇಲೆ ನರ್ಸರಿಯ ಪಾತ್ರ ಮುಗಿಯಿತೇ? ಬೇರೊಂದು ಮಗುವಿನ ವಿಷಯದಲ್ಲಿ ನನ್ನನ್ನು ಸಭೆಗೂ ಕರೆದಿದ್ದಾರೆ. ಅಲ್ಲಿ ಏನು ಮಾತಾಡಬೇಕೆಂದೇ ತಿಳಿಯದು.

ಉತ್ತರ: ಕೊನೆಯಿಂದ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಕಳಿಸಿಕೊಟ್ಟ ಮೇಲೆ ನಿಮ್ಮ ಪಾತ್ರ ಮುಗಿಯುವುದಿಲ್ಲ. ಹೊರಗಿನಿಂದ ಬರುವ ತಜ್ಞೆ ಮಗುವನ್ನು ಹೆಚ್ಚೆಂದರೆ ಒಂದು ಗಂಟೆ ನೋಡುತ್ತಾಳೆ. ನೀವು ವಾರಗಟ್ಟಲೆ ನೋಡುತ್ತೀರಿ. ಆಕೆಗೆ ಜ್ಞಾನವಿದೆ, ನಿಮ್ಮಲ್ಲಿ ಮಾಹಿತಿಯಿದೆ. ನೀವು ಬರೆದು ಕಳಿಸುವ ಎರಡು ಪುಟ ಎಷ್ಟು ಗಟ್ಟಿಯೋ ಆಕೆಯ ಸಲಹೆಯೂ ಬಹುಮಟ್ಟಿಗೆ ಅಷ್ಟೇ ಗಟ್ಟಿ. ಆಕೆ ಹೇಳಿಹೋದದ್ದನ್ನು ದಿನವೂ ಮಾಡಬೇಕಾದವರೂ ನೀವೇ, ಮನೆಯಲ್ಲಿ ತಂದೆತಾಯಿ. ಹೊರಗಿನ ಸಂಸ್ಥೆಗಳೊಂದಿಗೆ ಕೆಲಸ ಮಾಡುವುದೆಂದರೆ ಅರ್ಜಿ ತುಂಬಿ ಕೈ ತೊಳೆದುಕೊಳ್ಳುವುದು ಎಂದು ತಿಳಿದ ನರ್ಸರಿಗಳು ಬೇಕಾದಷ್ಟಿವೆ. ಅವರು ಕಳಿಸಿದ ಮಕ್ಕಳೇ ಕಾಯುವ ಪಟ್ಟಿಯಲ್ಲಿ ಕಳೆದುಹೋಗುತ್ತಾರೆ.

ಈಗ ನಿಮ್ಮ ಹುಡುಗ. ನಾನು ಹೇಳುವುದು ಇಂಗ್ಲೆಂಡಿನ ನಿಯಮ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ವ್ಯವಸ್ಥೆ ಬೇರೆ. ಇಂಗ್ಲೆಂಡಿನಲ್ಲಿ ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳ ಆರೈಕೆ, ಕಲಿಕೆಗೆ ಇವೈಎಫ್‌ಎಸ್ ಎಂಬ ಚೌಕಟ್ಟು 2008ರಿಂದ ಜಾರಿಯಲ್ಲಿದೆ. ನಿಮ್ಮ ಸಹೋದ್ಯೋಗಿಗಳ ವಾದಕ್ಕೆ ಉತ್ತರ ಅದರಲ್ಲೇ ಇದೆ. ಮನೆಮಾತು ಬೇರೆಯಾಗಿದ್ದು ಮಗುವಿಗೆ ಇಂಗ್ಲಿಷ್ ಸಾಕಷ್ಟು ಬಾರದಿದ್ದರೆ, ಮನೆಮಾತಿನಲ್ಲಿ ಅದು ಎಷ್ಟು ಆಡುತ್ತದೆ, ಎಷ್ಟು ತಿಳಿದುಕೊಳ್ಳುತ್ತದೆ ಎಂಬುದನ್ನು ತಂದೆತಾಯಿಯೊಂದಿಗೆ ಕೂತು ಕಂಡುಕೊಳ್ಳಬೇಕು. ಮಾತು ಹಿಂದುಳಿದಿದೆಯೇ ಎಂಬ ನಿರ್ಣಯ ಅದರ ನಂತರ. ಎರಡು ಭಾಷೆ ಕೇಳುತ್ತ ಬೆಳೆಯುವುದರಿಂದ ಮಾತಿನ ದೋಷ ಬರುವುದಿಲ್ಲ. ಹಾಗಾಗಿ ಮೊದಲ ಪ್ರಶ್ನೆ ಅಮ್ಮನಿಗೆ: ಪೋಲಿಷ್‌ನಲ್ಲಿ ಅವನು ಏನೇನು ಹೇಳುತ್ತಾನೆ? ಎರಡು ಪದ ಕೂಡಿಸುತ್ತಾನೆಯೇ? ಬೇರೆ ಕೋಣೆಯಲ್ಲಿರುವ ಚಪ್ಪಲಿ ತೆಗೆದುಕೊಂಡು ಬಾ ಎಂದರೆ, ಕೈತೋರಿಸದೆಯೇ, ತರುತ್ತಾನೆಯೇ? ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವನು ನರ್ಸರಿಯಲ್ಲಿ ಮಾತ್ರ ಸುಮ್ಮನಿದ್ದರೆ ಅದು ಒಂದು ಕತೆ. ಎರಡೂ ಕಡೆ ಮಾತಿಲ್ಲದಿದ್ದರೆ ಅದು ಪೂರ್ತಿ ಬೇರೆ, ಅದಕ್ಕೆ ಕಾಯುವಂತಿಲ್ಲ.

ಇದರ ಜೊತೆಗೆ ತಂದೆತಾಯಿಗೆ ನೀವು ಹೇಳಬಾರದ ಒಂದು ಮಾತಿದೆ: ಮನೆಯಲ್ಲಿ ಇಂಗ್ಲಿಷ್ ಮಾತಾಡಿ. ಒಳ್ಳೆಯ ಮನಸ್ಸಿನಿಂದಲೇ ಇದನ್ನು ಹೇಳುವವರು ಈಗಲೂ ಇದ್ದಾರೆ. ತಾಯಿ ತನಗೆ ಸರಾಗವಾಗಿ ಬರುವ ಭಾಷೆ ಬಿಟ್ಟು ತಡವರಿಸುವ ಭಾಷೆಯಲ್ಲಿ ಮಾತಾಡಿದರೆ ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ, ಅಷ್ಟೇ.

ಎರಡನೆಯದು ಕಿವಿ. ಮಾತಿನ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ಕೇಳುವಿಕೆಯ ಪರೀಕ್ಷೆ ಆಗಬೇಕು. ಹುಟ್ಟಿದಾಗ ಪರೀಕ್ಷೆ ಆಗಿತ್ತು, ಸರಿಯಿತ್ತು ಎಂದು ಮನೆಯವರು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಈ ವಯಸ್ಸಿನ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಳ್ಳುವ ಗ್ಲೂ ಇಯರ್ ಸಾಮಾನ್ಯ. ಅದು ಬರುತ್ತದೆ, ಹೋಗುತ್ತದೆ; ಒಂದು ವಾರ ಚೆನ್ನಾಗಿ ಕೇಳಿಸಿಕೊಂಡ ಮಗು ಮುಂದಿನ ವಾರ ಕರೆದರೂ ತಿರುಗುವುದಿಲ್ಲ. ಇದನ್ನು ಹಠ ಎಂದು ಬರೆದುಬಿಟ್ಟವರನ್ನು ನೋಡಿದ್ದೇನೆ. ಕೇಳುವಿಕೆ ಪರೀಕ್ಷಿಸುವ ವಿಭಾಗಕ್ಕೆ, ಅಂದರೆ ಆಡಿಯಾಲಜಿಗೆ, ದಾರಿ ಸಾಮಾನ್ಯವಾಗಿ ಕುಟುಂಬ ವೈದ್ಯರು ಅಥವಾ ಹೆಲ್ತ್ ವಿಸಿಟರ್ ಮೂಲಕ.

ಹೆಲ್ತ್ ವಿಸಿಟರ್ ಎಂದರೆ ನರ್ಸ್ ಅಥವಾ ಸೂಲಗಿತ್ತಿಯಾಗಿ ಅರ್ಹತೆ ಪಡೆದು, ಸಮುದಾಯದ ಆರೋಗ್ಯದಲ್ಲಿ ಹೆಚ್ಚಿನ ತರಬೇತಿ ಪಡೆದವರು. ಗರ್ಭಿಣಿಯಿದ್ದಾಗಿನಿಂದ ಎರಡೂವರೆ ವರ್ಷದವರೆಗೆ ಐದು ಕಡ್ಡಾಯ ಭೇಟಿಗಳು ಅವರ ಸೇವೆಯಲ್ಲಿವೆ. ಕೊನೆಯದು ಎರಡರಿಂದ ಎರಡೂವರೆ ವರ್ಷದ ನಡುವೆ. ನರ್ಸರಿಯೂ ಎರಡರಿಂದ ಮೂರು ವರ್ಷದ ನಡುವೆ ಪ್ರತಿ ಮಗುವಿನ ಪ್ರಗತಿಯ ಬರಹದ ಸಾರಾಂಶವನ್ನು ತಂದೆತಾಯಿಗೆ ಕೊಡಬೇಕೆಂಬುದು ನಿಯಮ. ಈ ಎರಡನ್ನೂ ಒಟ್ಟಿಗೆ ನೋಡುವ ವ್ಯವಸ್ಥೆ 2015ರಿಂದ ಇದೆ. ಕಾಗದದ ಮೇಲೆ ಸೊಗಸಾದ ಯೋಜನೆ. ಎಷ್ಟೋ ಕಡೆ ಎರಡು ವರದಿಗಳು ಒಂದನ್ನೊಂದು ನೋಡಿಯೇ ಇರುವುದಿಲ್ಲ. ಹಾಗಾಗಿ ನಿಮ್ಮ ಸಾರಾಂಶವನ್ನು ಮಗುವಿನ ಆರೋಗ್ಯ ದಾಖಲೆಯಲ್ಲಿ, ಅಂದರೆ ಎಲ್ಲರೂ ಕೆಂಪು ಪುಸ್ತಕ ಎಂದು ಕರೆಯುವ ಅದರಲ್ಲಿ, ಇಟ್ಟುಕೊಂಡು ಹೋಗುವಂತೆ ಅಮ್ಮನಿಗೆ ಹೇಳಿ. ಭೇಟಿ ಆಯಿತೇ, ಅಲ್ಲಿ ಏನು ಹೇಳಿದರು ಎಂದು ಕೇಳಿ. ನಿಮ್ಮ ಹುಡುಗನಿಗೆ ಎರಡೂವರೆ ತುಂಬಿದೆ ಎಂದರೆ ಆ ಭೇಟಿ ಆಗಿರಬೇಕು, ಇಲ್ಲವೇ ತಪ್ಪಿಹೋಗಿರಬೇಕು. ಈ ಪ್ರಶ್ನೆಯನ್ನು ಈ ವಾರವೇ ಕೇಳಿ.

ಸ್ಪೀಚ್ ಥೆರಪಿಸ್ಟ್‌ಗೆ ಹಲವು ಕಡೆ ನರ್ಸರಿಯೇ ನೇರವಾಗಿ ಬರೆಯಬಹುದು, ತಂದೆತಾಯಿಯೂ ಬರೆಯಬಹುದು. ನಿಮ್ಮ ಊರಿನ ಸೇವೆ ಯಾರಿಂದ ಅರ್ಜಿ ತೆಗೆದುಕೊಳ್ಳುತ್ತದೆ ಎಂಬುದನ್ನು ನಿಮ್ಮ ಸೆನ್ಕೊ ಬಲ್ಲರು. ಸೆನ್ಕೊ ಎಂದರೆ ವಿಶೇಷ ಅಗತ್ಯವಿರುವ ಮಕ್ಕಳ ಕೆಲಸವನ್ನು ಸಂಯೋಜಿಸುವವರು. ಪ್ರತಿ ನರ್ಸರಿಯಲ್ಲೂ ಒಬ್ಬರು ಇರುತ್ತಾರೆ. ನೀವು ಹೋಗಿ ಮೊದಲು ಮಾತಾಡಬೇಕಾದದ್ದು ಅವರ ಬಳಿ. ಹೊಸಬರು ನೇರವಾಗಿ ಹೊರಗೆ ಫೋನ್ ಮಾಡುವುದು ಬೇಡ. ಒಂದೇ ಮಗುವಿನ ಬಗ್ಗೆ ಒಂದೇ ನರ್ಸರಿಯಿಂದ ಎರಡು ಥರದ ಮಾತು ಹೊರಗೆ ಹೋದರೆ ಹೊರಗಿನವರು ಎರಡನ್ನೂ ನಂಬುವುದಿಲ್ಲ.

ಇನ್ನು ಬರೆಯುವುದು ಹೇಗೆ. ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ಅರ್ಧ ಕೆಲಸ ಇಲ್ಲೇ ಕೆಡುವುದು. ನಾನು ನೋಡುವ ಹೆಚ್ಚಿನ ಅರ್ಜಿಗಳ ಒಕ್ಕಣೆ ಹೀಗಿರುತ್ತದೆ: ‘ಮಾತು ತುಂಬಾ ಕಡಿಮೆ. ಗಮನ ಕೊಡುವುದಿಲ್ಲ. ಬೇರೆ ಮಕ್ಕಳೊಂದಿಗೆ ಬೆರೆಯುವುದಿಲ್ಲ. ಕೆಲವೊಮ್ಮೆ ಹಠ.’ ಇದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಓದಿದವರಿಗೆ ಮಗು ಕಾಣುವುದಿಲ್ಲ. ಅದೇ ಮಗುವಿನ ಬಗ್ಗೆ ಹೀಗೆ ಬರೆದರೆ ನೋಡಿ: ‘ತಿಂಡಿಯ ಹೊತ್ತಿನಲ್ಲಿ ಹಾಲು ಬೇಕಾದರೆ ಖಾಲಿ ಲೋಟವನ್ನು ಹತ್ತಿರದ ದೊಡ್ಡವರ ಕೈಗೆ ತುರುಕುತ್ತಾನೆ, ಮುಖ ನೋಡುವುದಿಲ್ಲ. ಬೆನ್ನ ಹಿಂದೆ ನಿಂತು ಮಾಮೂಲು ದನಿಯಲ್ಲಿ ಐದು ಸಲ ಹೆಸರು ಕರೆದೆವು, ಒಮ್ಮೆ ತಿರುಗಿದ. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ತಿರುಗುತ್ತಾನೆ. ಶೂ ತಾ ಎಂದು ಬೆರಳು ತೋರಿಸಿದರೆ ತರುತ್ತಾನೆ, ತೋರಿಸದಿದ್ದರೆ ಇಲ್ಲ. ಕಳೆದ ಎರಡು ವಾರದಲ್ಲಿ ನಾವು ಕೇಳಿದ ಪದಗಳು ಮೂರು. ಮನೆಯಲ್ಲಿ ಪೋಲಿಷ್‌ನಲ್ಲಿ ಆರು ಪದ ಆಡುತ್ತಾನೆಂದು ತಾಯಿ ಹೇಳಿದ್ದಾರೆ, ಪಟ್ಟಿ ಜೊತೆಗಿದೆ.’

ಎರಡನೆಯದರಲ್ಲಿ ಮಗುವನ್ನು ಅಳೆದುಬಿಡುವ ಒಂದೇ ಒಂದು ವಿಶೇಷಣವಿಲ್ಲ, ಯಾವ ಕಾಯಿಲೆಯ ಹೆಸರೂ ಇಲ್ಲ. ಆದರೆ ಥೆರಪಿಸ್ಟ್ ಆ ಲೋಟದ ಸಾಲಿನಲ್ಲಿ ಸಂವಹನದ ಬಗ್ಗೆ ಕೇಳಬೇಕಾದ ಪ್ರಶ್ನೆ ಕಂಡುಕೊಳ್ಳುತ್ತಾಳೆ. ಹೆಸರಿನ ಸಾಲು, ಗಂಟೆಯ ಸಾಲು ಎರಡನ್ನೂ ಆಡಿಯಾಲಜಿಯವರು ಓದಿಕೊಳ್ಳುತ್ತಾರೆ. ಆಟಿಸಂ ಇರಬಹುದೆಂದು ನಿಮಗೆ ಅನ್ನಿಸಿದ್ದರೂ ಅದನ್ನು ಬರೆಯಬೇಡಿ, ತಂದೆತಾಯಿಯ ಮುಂದೆ ಬಾಯಿಬಿಡಲೂ ಬೇಡಿ. ಕಂಡದ್ದನ್ನು ಹೇಳುವುದು ನಿಮ್ಮ ಕೆಲಸ, ಹೆಸರಿಡುವುದು ವೈದ್ಯರ ಕೆಲಸ. ಮಗುವಿಗೆ ಏನು ಬರುತ್ತದೆ ಎಂಬುದನ್ನೂ ಬರೆಯಿರಿ. ಹದಿನೆರಡು ತುಂಡಿನ ಜಿಗ್ಸಾ ಒಬ್ಬನೇ ಜೋಡಿಸುತ್ತಾನೆ ಎಂಬ ಮಾತು ತಜ್ಞರಿಗೂ ಬೇಕು, ಅದನ್ನು ಓದುವ ತಾಯಿಗಂತೂ ಬೇಕೇ ಬೇಕು.

ಹೌದು, ತಾಯಿ ಓದಬೇಕು. ಮಗುವಿನ ಬೆಳವಣಿಗೆಯ ವಿಷಯದಲ್ಲಿ ತಂದೆತಾಯಿಯ ಒಪ್ಪಿಗೆಯಿಲ್ಲದೆ ಯಾವ ಅರ್ಜಿಯೂ ಹೊರಗೆ ಹೋಗಬಾರದು. ಸಹಿ ಹಾಕುವವರಿಗೆ ಮಗುವಿನ ಮೇಲೆ ಕಾನೂನಿನ ಪ್ರಕಾರ ಪೋಷಕರ ಹೊಣೆ ಇದೆಯೇ ಎಂಬುದನ್ನು ದಾಖಲಾತಿ ಕಡತದಲ್ಲಿ ನೋಡಿಕೊಳ್ಳಿ. ದಿನವೂ ಮಗುವನ್ನು ಬಿಡಲು ಬರುವವರೆಲ್ಲರಿಗೂ ಅದು ಇರಬೇಕೆಂದಿಲ್ಲ. ಸಂಜೆ ಮಗುವನ್ನು ಕರೆದೊಯ್ಯುವ ಗಡಿಬಿಡಿಯಲ್ಲಿ, ಬಾಗಿಲ ಬಳಿ ನಿಂತು, ಇಲ್ಲೊಂದು ಸಹಿ ಹಾಕಿ ಎಂದು ಪಡೆದದ್ದು ಒಪ್ಪಿಗೆ ಅಲ್ಲ. ಕೂರಿಸಿ, ಬೇಕಿದ್ದರೆ ದುಭಾಷಿಯನ್ನಿಟ್ಟುಕೊಂಡು, ನೀವು ಬರೆದದ್ದನ್ನು ಓದಿಹೇಳಿ. ಮನೆಯ ದೊಡ್ಡ ಮಗುವನ್ನು ದುಭಾಷಿ ಮಾಡಬೇಡಿ. ತಂದೆತಾಯಿ ಬೇಡ ಎಂದರೆ? ಎಂದಾರು. ಅಳುವವರಿದ್ದಾರೆ, ಸಿಟ್ಟಾಗುವವರಿದ್ದಾರೆ, ನರ್ಸರಿ ಬದಲಿಸುವವರೂ ಇದ್ದಾರೆ. ಆಗ ನೋಡಿದ್ದನ್ನು ಬರೆಯುತ್ತ ಹೋಗಿ, ಕೋಣೆಯೊಳಗೆ ಮಾಡಬಹುದಾದ ಸಹಾಯವನ್ನು ಮಾಡುತ್ತ ಹೋಗಿ, ಆರು ವಾರ ಬಿಟ್ಟು ಮತ್ತೆ ಮಾತಾಡಿ. ಹೆಚ್ಚಿನವರು ಎರಡನೆಯ ಸಲಕ್ಕೆ ಒಪ್ಪುತ್ತಾರೆ, ಏಕೆಂದರೆ ಈ ನಡುವೆ ಅವರೂ ಮಗುವನ್ನು ಬೇರೆ ಕಣ್ಣಿನಿಂದ ನೋಡಿರುತ್ತಾರೆ.

ಇದಕ್ಕೆ ವಿನಾಯಿತಿ ಒಂದೇ, ಅದು ದೊಡ್ಡದು. ಮಗುವಿಗೆ ಹಾನಿಯಾಗುತ್ತಿದೆ ಅಥವಾ ಆಗಬಹುದು ಎಂಬ ಆತಂಕ. ಇಲ್ಲಿ ದಾರಿಯೇ ಬೇರೆ. ನಿಮ್ಮ ನರ್ಸರಿಯಲ್ಲಿ ಡಿಎಸ್‌ಎಲ್ ಎಂದು ಕರೆಯುವ, ಮಕ್ಕಳ ರಕ್ಷಣೆಯ ಹೊಣೆ ಹೊತ್ತವರೊಬ್ಬರು ಇರಲೇಬೇಕು. ನಿಮ್ಮ ಆತಂಕ ಅದೇ ದಿನ ಅವರಿಗೆ ತಲುಪಬೇಕು. ಅವರು ಕೌನ್ಸಿಲ್‌ನ, ಅಂದರೆ ಸ್ಥಳೀಯ ಆಡಳಿತದ, ಮಕ್ಕಳ ಸಮಾಜ ಸೇವೆಗೆ ತಿಳಿಸುತ್ತಾರೆ. ಬಹಳ ಕಡೆ ಅದರ ಬಾಗಿಲಿಗೆ ಮ್ಯಾಶ್ ಎಂಬ ಹೆಸರಿದೆ: ಪೊಲೀಸರು, ಆರೋಗ್ಯ ಸೇವೆ, ಸಮಾಜ ಸೇವೆಯವರು ಒಟ್ಟಿಗೆ ಕೂತು ಬಂದ ಮಾಹಿತಿಯನ್ನು ಜೋಡಿಸಿ ನೋಡುವ ತಂಡ. ಡಿಎಸ್‌ಎಲ್ ಸಿಗದಿದ್ದರೆ ನೀವೇ ಫೋನ್ ಮಾಡಬಹುದು. ಅದಕ್ಕೆ ಯಾರ ಅನುಮತಿಯೂ ಬೇಡ. ಕಣ್ಣೆದುರೇ ಅಪಾಯವಿದ್ದರೆ ತುರ್ತು ಸಂಖ್ಯೆ 999.

ಸಾಧ್ಯವಾದ ಕಡೆ ತಂದೆತಾಯಿಗೆ ಹೇಳಿಯೇ ಮುಂದುವರಿಯಬೇಕು. ಹೇಳುವುದರಿಂದ ಮಗುವಿಗೆ ಅಪಾಯ ಹೆಚ್ಚುವಂತಿದ್ದರೆ ಹೇಳಬಾರದು. ಅವರ ಒಪ್ಪಿಗೆಯಂತೂ ಇಲ್ಲಿ ಶರತ್ತೇ ಅಲ್ಲ. ದತ್ತಾಂಶ ರಕ್ಷಣೆಯ ಕಾನೂನು ಇದೆಯಲ್ಲ ಎಂದು ಹಿಂಜರಿಯುವವರಿಗೆ ಸರ್ಕಾರದ ಮಾರ್ಗದರ್ಶಿ ನೇರವಾಗಿಯೇ ಉತ್ತರಿಸುತ್ತದೆ: ಮಗುವಿನ ರಕ್ಷಣೆಗಾಗಿ ಮಾಹಿತಿ ಹಂಚಿಕೊಳ್ಳಲು ಆ ಕಾನೂನು ಅಡ್ಡಿಯಲ್ಲ. ಯಾರಿಗೆ, ಏನು, ಏಕೆ ಹೇಳಿದಿರಿ ಎಂಬುದನ್ನು ಬರೆದಿಡಿ; ಹೇಳದಿರಲು ತೀರ್ಮಾನಿಸಿದರೆ ಅದನ್ನೂ ಬರೆದಿಡಿ.

ಈ ಮಟ್ಟಿಗಿನ ಒತ್ತು ಸುಮ್ಮನೆ ಬಂದದ್ದಲ್ಲ. ವಿಕ್ಟೋರಿಯಾ ಕ್ಲಿಂಬಿ ಎಂಬ ಎಂಟು ವರ್ಷದ ಹುಡುಗಿ 2000ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ, ತನ್ನನ್ನು ನೋಡಿಕೊಳ್ಳಬೇಕಾದವರ ಕೈಯಲ್ಲೇ ಹಿಂಸೆಗೆ ಸಿಕ್ಕಿ ಸತ್ತಳು. ನಾಲ್ಕು ಸಮಾಜ ಸೇವಾ ವಿಭಾಗಗಳು, ಪೊಲೀಸರ ಎರಡು ಮಕ್ಕಳ ರಕ್ಷಣಾ ತಂಡಗಳು, ಎರಡು ಆಸ್ಪತ್ರೆಗಳು ಅವಳನ್ನು ಬಲ್ಲವಾಗಿದ್ದವು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ತುಣುಕಿತ್ತು, ಯಾರೂ ಜೋಡಿಸಲಿಲ್ಲ. ಲಾರ್ಡ್ ಲ್ಯಾಮಿಂಗ್ ಅವರ ತನಿಖಾ ವರದಿ 2003ರಲ್ಲಿ ಬಂತು, ಮರುವರ್ಷ ಮಕ್ಕಳ ಕಾಯ್ದೆಗೆ ಹೊಸ ರೂಪ ಬಂತು. ಇಂದು ಪ್ರತಿ ಪ್ರದೇಶದಲ್ಲೂ ಸ್ಥಳೀಯ ಆಡಳಿತ, ಆರೋಗ್ಯ ಸೇವೆಯ ಮಂಡಳಿ, ಪೊಲೀಸ್ ಮುಖ್ಯಸ್ಥರು ಮೂವರೂ ಸಮಾನ ಹೊಣೆಗಾರರು. ನೀವು ಬರೆದ ಒಂದು ಸಾಲು, ಸೋಮವಾರ ಬೆಳಿಗ್ಗೆ ಡೈಪರ್ ಬದಲಿಸುವಾಗ ತೊಡೆಯ ಮೇಲೆ ಕಂಡ ಕಲೆ, ಅದರ ಅಳತೆ, ಅದು ಹೇಗಾಯಿತೆಂದು ಕರೆತಂದವರು ಹೇಳಿದ ಮಾತು ಅವರದೇ ಶಬ್ದಗಳಲ್ಲಿ, ಇವು ಬೇರೆಯವರ ಬಳಿ ಆಗಲೇ ಇರುವ ತುಣುಕಿಗೆ ಕೂಡಬಹುದು. ನಿಮಗೆ ಇಡೀ ಚಿತ್ರ ಕಾಣಬೇಕಿಲ್ಲ.

ತಿಳಿಸಿದ ಮೇಲೆ ಒಂದು ಕೆಲಸದ ದಿನದೊಳಗೆ ಸಮಾಜ ಸೇವೆಯವರು ಏನು ಮಾಡುತ್ತೇವೆಂದು ತೀರ್ಮಾನಿಸಬೇಕು. 1989ರ ಮಕ್ಕಳ ಕಾಯ್ದೆಯ 17ನೇ ಸೆಕ್ಷನ್ ನೆರವು ಬೇಕಾದ ಮಗುವಿಗೆ, 47ನೇ ಸೆಕ್ಷನ್ ಗಂಭೀರ ಹಾನಿಯ ಶಂಕೆಯಿರುವಾಗಿನ ತನಿಖೆಗೆ. ಸಭೆಗಳಲ್ಲಿ ಬರೀ ಸಂಖ್ಯೆಯನ್ನಷ್ಟೇ ಹೇಳುತ್ತಾರೆ, ಗೊತ್ತಿರಲಿ. ಉತ್ತರ ಬರದಿದ್ದರೆ ಡಿಎಸ್‌ಎಲ್ ಮತ್ತೆ ಕೇಳಬೇಕು. ಕ್ರಮ ಬೇಡ ಎಂಬ ಉತ್ತರ ಬಂದು, ನಿಮಗೆ ಅದು ಸರಿಯೆನಿಸದಿದ್ದರೆ ಮೇಲಿನವರವರೆಗೆ ಕೊಂಡೊಯ್ಯಲು ಲಿಖಿತ ಕ್ರಮ ಇದ್ದೇ ಇದೆ. ಅದನ್ನು ಬಳಸಿದರೆ ಸಂಬಂಧ ಕೆಡುತ್ತದೆ ಎಂದು ಅಂಜುವವರು ಬಹಳ. ಒಳ್ಳೆಯ ಸೋಷಿಯಲ್ ವರ್ಕರ್‌ಗಳು ಇದನ್ನು ತಪ್ಪು ತಿಳಿಯುವುದಿಲ್ಲ. ಆರೋಪ ನರ್ಸರಿಯ ಸಿಬ್ಬಂದಿಯ ಮೇಲೆಯೇ ಬಂದರೆ ಅದು ಕೌನ್ಸಿಲ್‌ನ ಲಾಡೊ ಎಂಬ ಅಧಿಕಾರಿಗೆ ಒಂದು ಕೆಲಸದ ದಿನದೊಳಗೆ, ನರ್ಸರಿಗಳ ತಪಾಸಣೆ ಮಾಡುವ ಆಫ್‌ಸ್ಟೆಡ್‌ಗೆ ಹದಿನಾಲ್ಕು ದಿನದೊಳಗೆ ಹೋಗಬೇಕು. ಒಳಗೊಳಗೇ ವಿಚಾರಣೆ ಮಾಡಿ ಮುಗಿಸುವ ಹಕ್ಕು ಮ್ಯಾನೇಜರ್‌ಗೆ ಇಲ್ಲ.

ಮತ್ತೆ ನಿಮ್ಮ ಹುಡುಗನಲ್ಲಿಗೆ. ಅರ್ಜಿ ಹೋಯಿತು, ಕಾಯುವ ಪಟ್ಟಿ ತಿಂಗಳುಗಳದ್ದು. ಈ ಅವಧಿಯಲ್ಲಿ ಎರಡು ಕೆಲಸ. ಒಂದು, ಪಟ್ಟಿಯ ಬೆನ್ನು ಹತ್ತುವುದು. ಭೇಟಿಯ ಪತ್ರ ಮನೆಗೆ ಹೋಗುತ್ತದೆ, ಇಂಗ್ಲಿಷ್‌ನಲ್ಲಿ. ಮನೆಯವರು ಓದದೆ ಇಡುತ್ತಾರೆ, ಭೇಟಿಗೆ ಹೋಗುವುದಿಲ್ಲ, ಬರಲಿಲ್ಲವೆಂದು ಮಗುವಿನ ಹೆಸರು ಪಟ್ಟಿಯಿಂದ ಹೊರಬೀಳುತ್ತದೆ. ನರ್ಸರಿಗೆ ಇದು ತಿಳಿಯುವ ಹೊತ್ತಿಗೆ ಮತ್ತೆ ಮೊದಲಿನಿಂದ. ಆದ್ದರಿಂದ ಅರ್ಜಿಯಲ್ಲೇ ಬರೆಯಿರಿ: ಪೋಲಿಷ್ ದುಭಾಷಿ ಬೇಕು, ಪತ್ರದ ಪ್ರತಿ ತಂದೆತಾಯಿಯ ಒಪ್ಪಿಗೆಯ ಮೇರೆಗೆ ನರ್ಸರಿಗೂ ಬರಲಿ. ನಿಮ್ಮ ಕೋಣೆಯ ಡೈರಿಯಲ್ಲಿ ವಿಚಾರಿಸುವ ದಿನ ಗುರುತಿಸಿಕೊಳ್ಳಿ.

ಎರಡು, ಕಾಯದೆ ಶುರುಮಾಡುವುದು. 2015ರ ವಿಶೇಷ ಅಗತ್ಯಗಳ ಸಂಹಿತೆ ಹೇಳುವ ಕ್ರಮ ಅಂದಾಜು ಮಾಡು, ಯೋಜಿಸು, ಮಾಡು, ಮರುಪರಿಶೀಲಿಸು. ತಜ್ಞರು ಬಂದ ಮೇಲೆ ಶುರುಮಾಡಿ ಎಂದು ಅದು ಎಲ್ಲಿಯೂ ಹೇಳಿಲ್ಲ. ಸೆನ್ಕೊ ಜೊತೆ ಕೂತು ಒಂದೆರಡು ಸಣ್ಣ ಗುರಿ ಹಾಕಿಕೊಳ್ಳಿ. ಸಾಬೂನಿನ ಗುಳ್ಳೆಯ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ಅವನ ಕೈಗೆ ಕೊಡಿ. ಅವನು ನಿಮ್ಮತ್ತ ಚಾಚುತ್ತಾನೆ. ತಕ್ಷಣ ತೆರೆಯಬೇಡಿ, ಅವನ ಎತ್ತರಕ್ಕೆ ಕೂತು, ಮುಖಕ್ಕೆ ಮುಖ ಕೊಟ್ಟು ಹತ್ತು ಎಣಿಸುವಷ್ಟು ಕಾಯಿರಿ. ಒಂದು ನೋಟವೋ ಒಂದು ದನಿಯೋ ಬಂದೊಡನೆ ‘ತೆಗೆ’ ಎಂದು ಒಂದೇ ಪದ ಹೇಳಿ ತೆರೆಯಿರಿ. ಹತ್ತು ಎಣಿಸುವುದು ಹೇಳಿದಷ್ಟು ಸುಲಭವಲ್ಲ, ಗದ್ದಲದ ಕೋಣೆಯಲ್ಲಿ ಮೂರಕ್ಕೇ ಕೈ ಮುಚ್ಚಳಕ್ಕೆ ಹೋಗುತ್ತದೆ. ಏನಾಯಿತೆಂದು ಬರೆದಿಡಿ. ಥೆರಪಿಸ್ಟ್ ಬಂದ ದಿನ ಇಷ್ಟು ವಾರಗಳ ಟಿಪ್ಪಣಿ ಕೈಗಿಟ್ಟರೆ ಆಕೆ ಎರಡನೆಯ ಹೆಜ್ಜೆಯಿಂದ ಆರಂಭಿಸಬಹುದು.

ಆಕೆ ಬರುವ ಹೊತ್ತನ್ನೂ ಯೋಚಿಸಿ ಇಡಿ. ಮಗು ನಿದ್ದೆಯಿಂದ ಎದ್ದ ಹೊತ್ತು ಬೇಡ, ತಿಂಡಿಯ ಹೊತ್ತು ಒಳ್ಳೆಯದು. ಗುರುತಿನ ಚೀಟಿ ನೋಡಿ ಒಳಬಿಡಿ. ಆಕೆ ನೋಡುತ್ತಿರುವಾಗ ‘ಹೇಳು ಕಂದಾ, ಆಂಟಿಗೆ ಹೇಳು’ ಎಂದು ಮಗುವಿನ ಬಾಯಿಂದ ಮಾತು ಹೊರಡಿಸಲು ಯಾರೂ ಹೆಣಗಬಾರದೆಂದು ಕೋಣೆಯವರಿಗೆಲ್ಲ ಮೊದಲೇ ಹೇಳಿ. ಹೋಗುವ ಮುನ್ನ ಆಕೆಯೊಂದಿಗೆ ಹತ್ತು ನಿಮಿಷ ಕೂರಲು ನಿಮ್ಮನ್ನು ಬಿಡುಗಡೆ ಮಾಡುವಂತೆ ಮ್ಯಾನೇಜರ್‌ಗೆ ಕೇಳಿ. 2023ರ ಸೆಪ್ಟೆಂಬರಿನಿಂದ ಎರಡು ವರ್ಷದ ಐದು ಮಕ್ಕಳಿಗೆ ಒಬ್ಬರು ಎಂಬ ಲೆಕ್ಕ ಬಂದಿದೆ, ಮೊದಲು ನಾಲ್ಕಕ್ಕೆ ಒಬ್ಬರಿದ್ದರು. ಒಬ್ಬರು ಎದ್ದರೆ ಲೆಕ್ಕ ತಪ್ಪುತ್ತದೆ. ಹೊರಗಿನವರೊಂದಿಗಿನ ಕೆಲಸ ಹಾಳಾಗುವುದು ಮನಸ್ಸಿಲ್ಲದೆ ಅಲ್ಲ, ಹೀಗೆ ಬದಲಿ ಜನವಿಲ್ಲದೆ.

ನೆರವು ಇದಕ್ಕಿಂತ ಹೆಚ್ಚು ಬೇಕೆಂದು ಕಂಡರೆ ಮುಂದೆ ಇಎಚ್‌ಸಿ ಯೋಜನೆಯ ಮಾತು ಬರಬಹುದು: ಶಿಕ್ಷಣ, ಆರೋಗ್ಯ, ಆರೈಕೆ ಮೂರನ್ನೂ ಒಂದೇ ಕಾನೂನುಬದ್ಧ ದಾಖಲೆಯಲ್ಲಿ ತರುವುದು. ತಂದೆತಾಯಿ ತಾವೇ ಕೌನ್ಸಿಲ್‌ಗೆ ಕೇಳಬಹುದು, ಇದು ಅನೇಕರಿಗೆ ಗೊತ್ತಿಲ್ಲ. ಪರಿಶೀಲಿಸಬೇಕೇ ಬೇಡವೇ ಎಂದು ಕೌನ್ಸಿಲ್ 6 ವಾರದಲ್ಲಿ ಹೇಳಬೇಕು, ಇಡೀ ಪ್ರಕ್ರಿಯೆ 20 ವಾರದಲ್ಲಿ ಮುಗಿಯಬೇಕು. 2023ರಲ್ಲಿ ಈ ಗಡುವಿನೊಳಗೆ ಬಂದದ್ದು ಸುಮಾರು ಅರ್ಧದಷ್ಟು ಯೋಜನೆಗಳು ಮಾತ್ರ. ನಿಮ್ಮ ಹುಡುಗನ ವಿಷಯದಲ್ಲಿ ಈಗಲೇ ಅಷ್ಟು ದೂರ ಹೋಗಬೇಕಿಲ್ಲ.

ಕಡೆಯದಾಗಿ ಸಭೆ. ಅದು ಯಾವ ಬಗೆಯದೆಂದು ಮೊದಲು ಕೇಳಿ ತಿಳಿಯಿರಿ. ಕುಟುಂಬಕ್ಕೆ ನೆರವಾಗುವ ಸಭೆಯೋ, ಮಕ್ಕಳ ರಕ್ಷಣೆಯ ಸಮ್ಮೇಳನವೋ? ಎರಡನೆಯದಾದರೆ ನರ್ಸರಿಯ ವರದಿ ಬರಹದಲ್ಲಿ ಹೋಗಬೇಕು, ಡಿಎಸ್‌ಎಲ್ ನಿಮ್ಮೊಂದಿಗೆ ಇರಬೇಕು. ವರದಿಯಲ್ಲಿ ಏನಿದೆ ಎಂಬುದು ಸಭೆಗೆ ಬರುವ ಮುನ್ನವೇ ತಂದೆತಾಯಿಗೆ ತಿಳಿದಿರಬೇಕು. ಹತ್ತು ಜನ ಅಪರಿಚಿತರ ನಡುವೆ ಕೂತು ತಮ್ಮ ಮಗುವಿನ ಬಗ್ಗೆ ಮೊದಲ ಸಲ ಕೇಳುವ ಗತಿ ಯಾರಿಗೂ ಬರಬಾರದು. ನಿಮ್ಮ ಸರದಿ ಬಂದಾಗ ಮಗು ಎಷ್ಟು ದಿನ ಬಂತು, ಬಂದಾಗ ಹೇಗಿತ್ತು, ಏನು ತಿಂದಿತು, ಯಾರ ಬಳಿ ಹೋಯಿತು, ಕರೆದೊಯ್ಯಲು ಬಂದವರನ್ನು ಕಂಡು ಏನು ಮಾಡಿತು, ಇಷ್ಟನ್ನೇ ಹೇಳಿ. ಮನೆಯ ಬಗ್ಗೆ ಊಹೆ ಬೇಡ. ಗೊತ್ತಿಲ್ಲದ ಸಂಕ್ಷಿಪ್ತ ಪದ ಬಂದರೆ ಅದೇನೆಂದು ಕೇಳಿ. ತಂದೆತಾಯಿಗೂ ಅದು ಗೊತ್ತಿರುವುದಿಲ್ಲ, ನೀವು ಕೇಳಿದರೆ ಅವರಿಗೂ ಅನುಕೂಲ. ಏಳುವ ಮುನ್ನ ನಿಮ್ಮ ಪಾಲಿಗೆ ಬಂದ ಕೆಲಸ ಯಾವುದು, ಯಾವ ದಿನದೊಳಗೆ, ಮುಗಿದ ಮೇಲೆ ತಿಳಿಸಬೇಕಾದದ್ದು ಯಾರಿಗೆ, ಇವನ್ನು ಗಟ್ಟಿಯಾಗಿ ಕೇಳಿ ಬರೆದುಕೊಳ್ಳಿ. ನಡಾವಳಿ ಬರಲು ವಾರಗಳು ಹಿಡಿಯುತ್ತವೆ. ಬಂದದ್ದನ್ನು ನಿಮ್ಮ ಟಿಪ್ಪಣಿಯೊಂದಿಗೆ ತಾಳೆ ನೋಡಿ, ತಪ್ಪಿದ್ದರೆ ಬರೆದು ತಿಳಿಸಿ.